ಅಂಗಿಯ ಎರಡನೆಯ ಗುಂಡಿ

"ನಾನು ಮಾತಾಡುವಾಗ ನನ್ನ ಮುಖ ನೋಡು," ಎಂದು ಹಾರ್ಲನ್ ಎರಡನೆಯ ಸಲ ಹೇಳಿದ.

ದೇಜಿ ನೋಡಲಿಲ್ಲ. ಅವನ ಕಣ್ಣು ಹಾರ್ಲನ್ನನ ಅಂಗಿಯ ಎರಡನೆಯ ಗುಂಡಿಯವರೆಗೆ ಏರಿ, ಅಲ್ಲಿಂದ ಮೇಲಕ್ಕೆ ಹೋಗಲಾರದೆ ಮತ್ತೆ ಮೇಜಿಗೆ ಇಳಿಯಿತು. ಮೇಜಿನ ಮೇಲೆ ಒಂದು ಸರ್ಕ್ಯೂಟ್ ಬೋರ್ಡು ಬಿದ್ದಿತ್ತು. ಅದರ ಅಂಚಿನ ಪ್ಲಾಸ್ಟಿಕ್ಕು ಕರಗಿ, ಸೀದ ಹಪ್ಪಳದಂತೆ ಮುದುರಿಕೊಂಡಿತ್ತು. ಇಂಥವೇ ಇನ್ನೂ ಇನ್ನೂರ ಮೂವತ್ತೊಂಬತ್ತು ಹಿಂದಿನ ಕೋಣೆಯಲ್ಲಿದ್ದವು.

"ಹಾಳೆಯಲ್ಲಿ ಎಂಬತ್ತೈದು ಡಿಗ್ರಿ ಅಂತ ಇದೆ. ನೀನು ಓವನ್ನನ್ನು ನೂರಿಪ್ಪತ್ತೈದಕ್ಕೆ ಇಟ್ಟಿದ್ದೀಯ. ಯಾರು ಹೇಳಿದರು ನಿನಗೆ?"

"ತಪ್ಪಾಯಿತು, ಸರ್."

"ತಪ್ಪಾಗಿದೆ ಅಂತ ನನಗೂ ಗೊತ್ತು. ಯಾರು ಹೇಳಿದರು ಅಂತ ಕೇಳುತ್ತಿದ್ದೇನೆ."

"ತಪ್ಪಾಯಿತು, ಸರ್."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಶೇಷಗಿರಿ ಇತ್ತ ತಿರುಗದೆ ಹೊರಗೆ ನೋಡಿದರು. ಹೇಳಿದವರು ಅವರೇ. ಅದು ಆ ಕೋಣೆಯಲ್ಲಿ ಅವರಿಗೂ ದೇಜಿಗೂ ಮಾತ್ರ ಗೊತ್ತಿತ್ತು.

ಅಮೆರಿಕದ ಬೆರ್ರಿಯೆಸಾದಲ್ಲಿದ್ದ ಆ ಕಂಪನಿಯಲ್ಲಿ ಬೋರ್ಡುಗಳನ್ನು ಓವನ್ನಿನಲ್ಲಿಟ್ಟು ಬಿಸಿಯಲ್ಲಿ ಪರೀಕ್ಷಿಸುತ್ತಿದ್ದರು. ಎಷ್ಟು ಬಿಸಿ ಎಂದು ಹಾಳೆ ನೋಡಿ ಹೇಳುವುದು ಇನ್ಸ್‌ಪೆಕ್ಟರ್ ಶೇಷಗಿರಿಯವರ ಕೆಲಸ, ಓವನ್ನನ್ನು ಅಷ್ಟಕ್ಕೆ ಇಟ್ಟು ರುಜು ಹಾಕುವುದು ದೇಜಿಯ ಕೆಲಸ. ಆದರೆ ಶೇಷಗಿರಿಯವರಿಗೆ ಹಾಳೆ ನೋಡುವ ಅಭ್ಯಾಸ ಅಷ್ಟಕ್ಕಷ್ಟೆ. ಮೈಸೂರಿನಲ್ಲೂ ನೈಜೀರಿಯಾದಲ್ಲೂ ಸೇರಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟರು. ಅಂಕಿಗಳೆಲ್ಲ ನಾಲಿಗೆಯ ತುದಿಯಲ್ಲಿವೆ ಎಂಬ ಜಂಬ. ಹೋದ ಗುರುವಾರ ಆ ನಾಲಿಗೆಯ ತುದಿಗೆ ಬೇರೆ ಯಾವುದೋ ಬೋರ್ಡಿನ ಅಂಕಿ ಬಂತು. ದೇಜಿ ತಕ್ಷಣ ಏನೂ ಅನ್ನಲಿಲ್ಲ. ಉಳಿದವರೆಲ್ಲ ಊಟಕ್ಕೆ ಎದ್ದು ಹೋಗುವವರೆಗೆ ಕಾದು, ಹತ್ತಿರ ಬಂದು, ಬಗ್ಗಿ, "ಸರ್, ಹಾಳೆಯನ್ನು ಇನ್ನೊಮ್ಮೆ ನೋಡುತ್ತೀರಾ?" ಎಂದು ಮೆಲ್ಲಗೆ ಕೇಳಿದ. "ಹೇಳಿದಷ್ಟು ಮಾಡು," ಎಂದರು ಶೇಷಗಿರಿ. ಅವನು ಹೇಳಿದಷ್ಟು ಮಾಡಿದ.

"ಶೆಶ್, ನೀನು ಏನಾದರೂ ಹೇಳುವುದಿದೆಯಾ?" ಹಾರ್ಲನ್ ಇತ್ತ ತಿರುಗಿದ. ನಲವತ್ತು ದಾಟದ ಮ್ಯಾನೇಜರು ಐವತ್ನಾಲ್ಕರ ಶೇಷಗಿರಿಯವರನ್ನು ಮೊದಲ ದಿನದಿಂದಲೂ ಹೀಗೇ ಕರೆಯುತ್ತಿದ್ದ.

ಈಗಲಾದರೂ ದೇಜಿ ಬಾಯಿಬಿಟ್ಟಾನು ಎಂದು ಶೇಷಗಿರಿ ಅವನತ್ತ ನೋಡಿದರು. ಅವನೇ ಹೇಳಿಬಿಟ್ಟರೆ ಹೌದೆನ್ನುವುದು ಸುಲಭ. ಅವನು ಹೇಳಲಿಲ್ಲ. ಅಮೆರಿಕಕ್ಕೆ ಬಂದ ಹೊಸತರಲ್ಲಿ ಪ್ಲೆಸೆಂಟನ್ ಊರಿನಲ್ಲಿದ್ದ ಹೆಂಡತಿಯ ತಮ್ಮನ ಮನೆಯಲ್ಲಿ ಎಂಟು ತಿಂಗಳು ಕೂತು ಉಂಡದ್ದು ಶೇಷಗಿರಿಯವರಿಗೆ ನೆನಪಾಯಿತು. ತಮ್ಮ ಎಂ.ಎಸ್‌ಸಿ.ಯನ್ನು ಈ ದೇಶದಲ್ಲಿ ಯಾರೂ ಮೂಸಿ ನೋಡದೆ ಇದ್ದದ್ದು, ಪ್ರತಿದಿನ ಸಂಜೆ ಆ ಮನೆಯ ಕಾರು ಗ್ಯಾರೇಜಿಗೆ ಬಂದ ಸದ್ದಿಗೆ ಟೀವಿ ಆರಿಸಿ ಎದ್ದು ನಿಲ್ಲುತ್ತಿದ್ದದ್ದು, ಎಲ್ಲ ಕಣ್ಣ ಮುಂದೆ ಬಂತು. ಈ ಕೆಲಸ ಹೋದರೆ ಮತ್ತೆ ಅಲ್ಲಿಗೇ.

"ಹುಡುಗ ಒಳ್ಳೆಯವನು," ಎಂದರು.

ಹಾರ್ಲನ್ ತಲೆಯಾಡಿಸಿ ಏನೋ ಬರೆದುಕೊಂಡ. ದೇಜಿಯನ್ನು ಹೊರಗೆ ಕಳಿಸಿದ ಮೇಲೆ ಕುರ್ಚಿಗೆ ಒರಗಿ ಕೇಳಿದ: "ನೀನು ಏಳು ವರ್ಷ ಇವನ ನೈಜೀರಿಯಾದಲ್ಲಿ ಇದ್ದವನು. ಆ ಜನ ಎಲ್ಲ ಹೀಗೇನಾ? ಮುಖ ಕೊಟ್ಟು ಮಾತಾಡುವುದೇ ಇಲ್ಲವಾ?"

ಬೇರೆ ಹೊತ್ತಿನಲ್ಲಾಗಿದ್ದರೆ ಶೇಷಗಿರಿಯವರನ್ನು ಹಿಡಿದು ನಿಲ್ಲಿಸುವವರೇ ಇರುತ್ತಿರಲಿಲ್ಲ. ಏಳು ವರ್ಷ ಇದ್ದ ಮಾತ್ರಕ್ಕೆ ಇಡೀ ದೇಶದ ಜನರ ಸ್ವಭಾವದ ಬಗ್ಗೆ ತೀರ್ಪು ಕೊಡುವ ಹಕ್ಕು ಅವರಿಗೆ ಬಂದುಬಿಟ್ಟಿತ್ತು. ಪ್ಲೆಸೆಂಟನ್ನಿನಲ್ಲಿ ನಾಲ್ಕು ಮನೆಯವರು ಸೇರಿದಾಗಲೆಲ್ಲ ಭಾವಮೈದುನ ವೆಂಕಟಾಚಲ, "ಭಾವ, ಆ ನೈಜೀರಿಯಾ ಸ್ಟೋರಿ ಹೇಳಿ," ಎಂದು ಕೀಲಿ ಕೊಡುತ್ತಿದ್ದ. "ಅಲ್ಲಿ ಬರೀ ಕುಶಲ ಕೇಳೋದಕ್ಕೇ ಇಪ್ಪತ್ತು ನಿಮಿಷ ಬೇಕಪ್ಪ. ನೀವು ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಕೊನೆಗೆ ನಿಮ್ಮ ಆಯಾಸ ಹೇಗಿದೆ ಅಂತಲೂ ಕೇಳ್ತಾರೆ!" ಎಂದು ಶೇಷಗಿರಿ ಶುರುಮಾಡಿದರೆ ಸೋಫಾದ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೇಜಿ ಕಂಪನಿಗೆ ಸೇರಿದ ದಿನದ ಕಥೆಗಂತೂ ಬಹಳ ಬೇಡಿಕೆ. ಅಂದು ಕ್ಯಾಂಟೀನಿನಲ್ಲಿ, ಊರಿನಲ್ಲಿ ತನಗೆ ಪಾಠ ಹೇಳಿದ್ದ ಹಳೆಯ ಮೇಷ್ಟರನ್ನು ಕಂಡವನೇ ಅವನು ಪೆಪ್ಸಿ ಮೆಷಿನ್ನಿನ ಮುಂದೆ ನೆಲಕ್ಕೆ ಉದ್ದಕ್ಕೆ ಅಡ್ಡಬಿದ್ದಿದ್ದ. ಯಾರಿಗೋ ಹಾರ್ಟ್ ಅಟ್ಯಾಕ್ ಆಯಿತೆಂದು ಒಬ್ಬಳು ಕಿರುಚಿ ಆಂಬುಲೆನ್ಸ್ ಕರೆಯಲು ಫೋನಿನತ್ತ ಓಡಿದ್ದಳು. "ಇಲ್ಲಿ ಹೀಗೆಲ್ಲ ಬೇಡ, ಕೈ ಕುಲುಕಿದರೆ ಸಾಕು," ಎಂದು ಶೇಷಗಿರಿ ಅವನಿಗೆ ಹೇಳಿದ್ದರು. ಹೇಳಿ, ವಾರವಿಡೀ ಒಳಗೊಳಗೇ ಹಿಗ್ಗಿದ್ದರು.

ಅಂಥ ಮಾತುಗಾರರು ಈಗ ಮಾತ್ರ, "ಎಲ್ಲರೂ ಒಂದೇ ಥರ ಇರುವುದಿಲ್ಲ," ಎಂದು ಗೊಣಗಿದರು. ಸಂಜೆ ನಾಲ್ಕಕ್ಕೆ ದೇಜಿಯ ಕೈಗೆ ಕಾಗದ ಬಂತು.

ಆ ಕಾಗದ ಬರೀ ಕೆಲಸ ಕಳೆಯುವ ಕಾಗದವಾಗಿರಲಿಲ್ಲ. ಓದು ಮುಗಿಸಿದ ವಿದ್ಯಾರ್ಥಿ ಎಂದು ದೇಜಿಗೆ ಒಂದು ವರ್ಷ ಕೆಲಸ ಮಾಡಲು ಸಿಕ್ಕಿದ್ದ ಅನುಮತಿ ಜುಲೈಗೆ ಮುಗಿಯುತ್ತಿತ್ತು. ಆಮೇಲೆ ಇಲ್ಲೇ ಉಳಿಯುವುದಕ್ಕೆ ಕಂಪನಿಯೇ ಅರ್ಜಿ ಹಾಕುವುದೆಂದು ಮಾತಾಗಿತ್ತು. ಇನ್ನು ಯಾವ ಕಂಪನಿ ಹಾಕೀತು? ಆಗಲೇ ಮೇ ತಿಂಗಳು ಅರ್ಧ ಕಳೆದಿತ್ತು.

ಮನೆಯಲ್ಲಿ ನಿರುಪಮಾ ಒಗ್ಗರಣೆಗೆ ಇಟ್ಟಿದ್ದವರು ಗಂಡನ ಮುಖ ನೋಡಿ ಒಲೆ ಆರಿಸಿದರು.

"ಏನಂದ್ರು?"

"ತೆಗೆದ್ಹಾಕಿದ್ರು."

"ಯಾರನ್ನ?"

ಶೇಷಗಿರಿ ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದರು. "ಅವನ್ನ."

"ತಪ್ಪು ನಂದೇ ಅಂತ ಶುಕ್ರವಾರ ನನ್ನತ್ರ ಹೇಳಿದ್ರಲ್ಲ. ಅಲ್ಲಿ ಹೇಳ್ಲಿಲ್ವಾ?"

"ಅವನೇ ಹೇಳ್ತಾನೇನೋ ಅಂತ ಕಾದೆ ಕಣೇ."

"ಅವನು ಹೇಳ್ತಾನಾ?" ನಿರುಪಮಾ ಸೌಟು ಕೆಳಗಿಟ್ಟರು. "ಅವರಮ್ಮ ಗೆಣಸು ಹೊತ್ಕೊಂಡು ನಮ್ಮನೆಗೆ ಬಂದಿದ್ದು ಮರ್ತೇಹೋಯ್ತಾ ನಿಮಗೆ?"

ಮರೆತಿರಲಿಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂಬತ್ತು ವರ್ಷದ ಹಿಂದೆ, ನೈಜೀರಿಯಾದ ಒಂಡೊ ಸೀಮೆಯ ಒಂದು ಊರು. ಶೇಷಗಿರಿ ಕರಿಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ ಹದಿನಾಲ್ಕು ವರ್ಷದ ದೇಜಿ ಎದ್ದು ನಿಂತು, "ಸರ್, ಅಲ್ಲಿ ಮೈನಸ್ ಬರಬೇಕು," ಎಂದಿದ್ದ. ಹುಡುಗ ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅವರಿಗೆ ಸಿಟ್ಟು ನೆತ್ತಿಗೇರಿತು. "ನಮ್ಮ ದೇಶದಲ್ಲಿ ಗುರುವನ್ನು ನಾಲ್ಕು ಜನರ ಮುಂದೆ ತಿದ್ದುವುದಿಲ್ಲ. ನಿಮ್ಮಲ್ಲಿ ತಿದ್ದುತ್ತಾರೋ?" ಎಂದು ಕೇಳಿ, ಹೊರಗೆ ಬಿಸಿಲಲ್ಲಿ ಜಲ್ಲಿಯ ಮೇಲೆ ಒಂದು ಗಂಟೆ ಮಂಡಿಯೂರಿಸಿದರು. ಅವನು ಹೊರಗಿದ್ದಾಗ ಮೆಲ್ಲನೆ ಪ್ಲಸ್ಸನ್ನು ಒರೆಸಿ ಮೈನಸ್ ಬರೆದರು.

ಮರುದಿನ ಅವನ ತಾಯಿ ಬಂದಳು. ಜಗಳಕ್ಕೇ ಬಂದಳೆಂದು ಶೇಷಗಿರಿ ಅಂದುಕೊಂಡರು. ಅವಳು ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ, ಮೊಳದುದ್ದದ ಗೆಣಸುಗಳನ್ನು ನಿರುಪಮಾ ಅವರ ಮುಂದಿಟ್ಟು, ತಾನೇ ಮಂಡಿಯೂರಿದಳು. ಮಗನನ್ನು ಅಡ್ಡಬೀಳಿಸಿದಳು. ಅವನ ಮಂಡಿಯ ಗಾಯ ಇನ್ನೂ ಹಸಿಯಾಗಿತ್ತು. ಅವಳು ಯೊರುಬಾ ಭಾಷೆಯಲ್ಲಿ ಹೇಳಿದ್ದನ್ನು ಜೊತೆಗೆ ಬಂದಿದ್ದ ಹೆಡ್‌ಮಾಸ್ಟರು ಇಂಗ್ಲಿಷಿನಲ್ಲಿ ತಿಳಿಸಿದರು: ದೊಡ್ಡವರು ತಪ್ಪಿದರೆ ಅವರೊಬ್ಬರೇ ಇರುವಾಗ, ಬಗ್ಗಿ, ಮೆಲ್ಲಗೆ ಕೇಳಬೇಕು. ಇದನ್ನು ನಾನು ಇವನಿಗೆ ಸರಿಯಾಗಿ ಕಲಿಸಿರಲಿಲ್ಲ. ನೀವು ಕಲಿಸಿದಿರಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ದೇಜಿ ಅದನ್ನು ಕಲಿತಿದ್ದ. ಓವನ್ನಿನ ಮುಂದೆ ಅವನು ಮಾಡಿದ್ದು ಅಷ್ಟನ್ನೇ.

ಕಾಗದ ಬಂದ ಮರುದಿನ, ಮಂಗಳವಾರ ಬೆಳಗ್ಗೆ, ಶೇಷಗಿರಿ ಕೋಟು ಹಾಕಿಕೊಂಡು ಹೋದರು. ಹಾರ್ಲನ್ನನ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದರು: "ನೂರಿಪ್ಪತ್ತೈದು ಅಂತ ಹೇಳಿದವನು ನಾನು. ಹಾಳೆ ನೋಡಿ ಅಂತ ಅವನು ಕೇಳಿದ್ದ. ನಾನು ನೋಡಲಿಲ್ಲ."

ಹಾರ್ಲನ್ ಎದ್ದು ಬಂದು ಬಾಗಿಲು ಮುಚ್ಚಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಅಕ್ಕರೆ ಇತ್ತು.

"ಶೆಶ್, ನೀನು ಅವನ ಮೇಷ್ಟರು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಭಾರತೀಯರ ಈ ಗುಣ ನನಗೆ ತುಂಬ ಇಷ್ಟ. ಶಿಷ್ಯನಿಗೋಸ್ಕರ ನಿಮ್ಮ ಕತ್ತನ್ನೇ ಕೊಡುತ್ತೀರಿ."

"ಗುಣದ ಮಾತಲ್ಲ ಇದು. ನಿಜ ಹೇಳುತ್ತಿದ್ದೇನೆ."

"ಹಾಗಾದರೆ ನಿನ್ನೆ ಯಾಕೆ ಹೇಳಲಿಲ್ಲ?"

ಶೇಷಗಿರಿಯವರ ಕಣ್ಣು ಮೇಜಿಗೆ ಇಳಿಯಿತು.

"ಅವನಾದರೂ ಯಾಕೆ ಹೇಳಲಿಲ್ಲ? ತಪ್ಪು ಮಾಡದೆ ಇದ್ದವನು ಮುಖ ನೋಡಿ ಮಾತಾಡುತ್ತಾನೆ."

"ಅವರಲ್ಲಿ ಚಿಕ್ಕವರು ದೊಡ್ಡವರ ಮುಖ ನೋಡುವುದಿಲ್ಲ. ಅದು ಮರ್ಯಾದೆ. ನಮ್ಮಲ್ಲೂ ಒಂದು ಕಾಲದಲ್ಲಿ..."

"ಇರಬಹುದು." ಹಾರ್ಲನ್ ಕೈ ಎತ್ತಿ ತಡೆದ. "ನೋಡು, ಕಾಗದ ಆಗಲೇ ಮೇಲಿನವರಿಗೆ ಹೋಗಿದೆ. ಈಗ ನೀನು ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ ಅಂದುಕೊಳ್ಳುತ್ತೇನೆ. ಇನ್ನೊಮ್ಮೆ ಹೇಳಿದರೆ ಬರೆದುಕೊಳ್ಳಬೇಕಾಗುತ್ತದೆ. ಬರೆದುಕೊಂಡರೂ ಅವನು ವಾಪಸು ಬರುವುದಿಲ್ಲ, ಓವನ್ನಿಗೆ ರುಜು ಹಾಕಿದವನು ಅವನೇ. ನಿನ್ನನ್ನೂ ಕಳಿಸಬೇಕಾಗುತ್ತದೆ, ಅಷ್ಟೆ. ಹೇಳು, ಇನ್ನೊಮ್ಮೆ ಹೇಳುತ್ತೀಯಾ?"

ಗೋಡೆಯ ಆಚೆ ಯಾರೋ ನಗುತ್ತ ಹೋದರು. ಹೇಳಬೇಕೆಂದು ಶೇಷಗಿರಿ ಬಾಯಿ ತೆರೆದರು. ಹೇಳದೆ ಮುಚ್ಚಿದರು. ತಮ್ಮ ಬಗ್ಗೆಯೇ ಅವರಿಗೆ ಹೇಸಿಗೆಯಾಯಿತು. ಹಾರ್ಲನ್ ಅವರ ಭುಜ ತಟ್ಟಿ, "ನಿನ್ನಂಥವರು ಕಡಿಮೆ, ಶೆಶ್," ಎಂದ.

ಶನಿವಾರ ನಿರುಪಮಾ ಚಕ್ಕುಲಿ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದರು. ದೇಜಿ ಮುಂದಿನ ವಾರವೇ ಊರಿಗೆ ಹೊರಡುತ್ತಾನೆಂದು ಫೋನಿನಲ್ಲಿ ಗೊತ್ತಾಗಿತ್ತು.

"ನೀನೂ ಬಾ," ಎಂದರು ಶೇಷಗಿರಿ.

"ನಾನು ಬರಲ್ಲ. ಯಾವ ಮುಖ ಇಟ್ಕೊಂಡು ಅವನ್ನ ನೋಡ್ಲಿ?" ಎಂದು ಅವರು ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿದರು.

ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ದೇಜಿ ಪುಸ್ತಕದ ಪೆಟ್ಟಿಗೆಯನ್ನು ಗೆಳೆಯನ ಕಾರಿಗೆ ತುಂಬುತ್ತಿದ್ದ. ಮೇಷ್ಟರನ್ನು ಕಂಡವನೇ ಪೆಟ್ಟಿಗೆ ಇಳಿಸಿ, ಬಿಸಿ ಟಾರಿನ ಮೇಲೆ ಉದ್ದಕ್ಕೆ ಅಡ್ಡಬಿದ್ದ. ಕ್ಯಾಂಟೀನಿನ ಆ ದಿನದ ನಂತರ ಅವನು ಹಾಗೆ ಮಾಡಿರಲಿಲ್ಲ. ಪಕ್ಕದಲ್ಲಿ ಕಾರು ತೊಳೆಯುತ್ತಿದ್ದವನೊಬ್ಬ ಪೈಪು ಹಿಡಿದುಕೊಂಡೇ ನೋಡುತ್ತ ನಿಂತ.

"ಏಳು, ಏಳು."

ಅವನು ಎದ್ದ. ಅಂಗೈಗೆ ಮರಳು ಅಂಟಿತ್ತು. "ಹೇಗಿದ್ದೀರಿ ಸರ್? ಅಮ್ಮಾವರು ಹೇಗಿದ್ದಾರೆ? ಅವರ ಮಂಡಿನೋವು ಹೇಗಿದೆ? ಪ್ಲೆಸೆಂಟನ್ನಿನವರೆಲ್ಲ ಚೆನ್ನಾಗಿದ್ದಾರಾ? ಕೆಲಸದ ಆಯಾಸ ಹೇಗಿದೆ ಸರ್?"

ಪ್ರತಿಯೊಂದಕ್ಕೂ ಶೇಷಗಿರಿ ಉತ್ತರ ಕೊಡಬೇಕಾಯಿತು.

"ದೇಜಿ, ನಾನು ಹಾರ್ಲನ್ನನಿಗೆ ಹೇಳಿದೆ. ಅವನು ನಂಬಲಿಲ್ಲ."

"ಯಾಕೆ ಹೇಳಿದಿರಿ ಸರ್? ಓವನ್ನನ್ನು ಇಟ್ಟದ್ದು ನನ್ನ ಕೈ."

"ಇಡು ಅಂದದ್ದು ನಾನು."

"ನಾನು ಇನ್ನೊಮ್ಮೆ ಕೇಳಬೇಕಿತ್ತು ಸರ್. ಒಂದೇ ಸಲ ಕೇಳಿ ಬಿಟ್ಟೆ." ಅವನು ಅದನ್ನು ನಿಜವಾಗಿ ನಂಬಿ ಹೇಳುತ್ತಿದ್ದ. "ಊರಲ್ಲಿ ಅಮ್ಮ ಮೊದಲು ನಿಮ್ಮನ್ನೇ ಕೇಳುತ್ತಾಳೆ. ಚೆನ್ನಾಗಿದ್ದಾರೆ, ನನ್ನನ್ನು ಮಗನ ಹಾಗೆ ನೋಡಿಕೊಂಡರು ಅನ್ನುತ್ತೇನೆ."

ಶೇಷಗಿರಿಯವರಿಗೆ ತಡೆಯಲಾಗಲಿಲ್ಲ. ಇವನು ಒಂದು ಸಲ ಬೈದರೆ ಸಾಕು, ಒಂದೇ ಒಂದು ಮಾತು ಆಡಿದರೆ ಸಾಕು ಎನ್ನಿಸಿತು.

"ತಪ್ಪು ಯಾರದು? ನನ್ನ ಮುಖ ನೋಡಿ ಹೇಳು," ಎಂದರು. ಹೊರಗೆ ಬಂದದ್ದು ಕ್ಲಾಸಿನ ಹಳೆಯ ದನಿ.

ದೇಜಿಯ ಬೆನ್ನು ನೆಟ್ಟಗಾಯಿತು. ಅವನ ಕಣ್ಣು ಮೇಷ್ಟರ ಬೂಟಿನಿಂದ ಕೈಯಲ್ಲಿದ್ದ ಡಬ್ಬಿಗೆ, ಡಬ್ಬಿಯಿಂದ ಅಂಗಿಗೆ ಏರಿತು. ಎರಡನೆಯ ಗುಂಡಿಯವರೆಗೆ ಬಂದು ನಿಂತಿತು. ಅವನ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. ಆಜ್ಞೆಯನ್ನು ಪಾಲಿಸಲು ಅವನು ನಿಜಕ್ಕೂ ಒದ್ದಾಡುತ್ತಿದ್ದ.

"ಸರ್," ಎಂದ.

ಶೇಷಗಿರಿ ಕಾದರು. ಆಮೇಲೆ, ತಮ್ಮ ಮುಖವನ್ನೇ ಅವನ ಕಣ್ಣಿನ ಮಟ್ಟಕ್ಕೆ ಇಳಿಸೋಣವೆಂದು, ಡಬ್ಬಿಯನ್ನು ಎದೆಗೆ ಅವಚಿಕೊಂಡು ಮೆಲ್ಲಗೆ ಮಂಡಿ ಬಗ್ಗಿಸಿದರು. ದೊಡ್ಡವರು ಬಗ್ಗುವುದನ್ನು ಕಂಡ ದೇಜಿ ಗಾಬರಿಯಾಗಿ ಇನ್ನೂ ಕೆಳಗೆ ಬಗ್ಗಿದ. ಅವರು ಮತ್ತೂ ಬಗ್ಗಿದರು. ಅವನು ಅವರಿಗಿಂತ ಕೆಳಗೆ ಹೋದ.