ಭಾವನ ಹೆಸರಿನ ಧೂಮಕೇತು

ಆನ್‌ಲೈನ್‌ನಲ್ಲಿ ಬಾಡಿಗೆಗೆ ಪಡೆದ ದೂರದರ್ಶಕದಲ್ಲಿ ನರ್ಸ್ ಒಬ್ಬಳು ಕಂಡುಹಿಡಿದ ಧೂಮಕೇತುವಿಗೆ ಅವಳ ಭಾವನ ಹೆಸರು ಬಿದ್ದಿತ್ತು. ಅವಳು ಡ್ಯೂಟಿಗೆ ಹೋಗಿದ್ದಾಗ ಅವನು ಅವಳ ಕಂಪ್ಯೂಟರಿನಲ್ಲಿದ್ದ ಚಿತ್ರಗಳನ್ನು ತನ್ನವೆಂದು ಖಗೋಳ ಕೇಂದ್ರಕ್ಕೆ ಕಳಿಸಿಬಿಟ್ಟಿದ್ದ.

"ಮನೆಯವರೇ ತಾನೇ, ಬಿಡೇ," ಎಂದಳು ಅಕ್ಕ. ಇವಳು ಹಲ್ಲು ಕಚ್ಚಿಕೊಂಡು ಕಾದಳು.

ಒಂದು ದಿನ ಹೊಸ ಚಿತ್ರದಲ್ಲಿ ಮಸುಕಾದ ಬಾಲ ಕಂಡಿತು. ಮುಂದಿನ ಚಿತ್ರದಲ್ಲಿ ಅದಿರಲಿಲ್ಲ. ಪಕ್ಕದ ನಕ್ಷತ್ರದ ಬೆಳಕು ದೂರದರ್ಶಕದೊಳಗೆ ಪ್ರತಿಫಲಿಸಿತ್ತು, ಅಷ್ಟೇ. ಮೊದಲ ಚಿತ್ರವನ್ನು ಮಾತ್ರ ಪರದೆಯ ಮೇಲೆ ಬಿಟ್ಟು ಅವಳು ಸ್ನಾನಕ್ಕೆ ಹೋದಳು.

ಭಾವ ಅದನ್ನೂ ಕಳಿಸಿ, ಪತ್ರಿಕೆಯವರನ್ನು ಮನೆಗೆ ಕರೆಸಿದ. ಅವರೆದುರೇ ಕೇಂದ್ರದ ಉತ್ತರ ಬಂತು: ಇದು ಧೂಮಕೇತುವಲ್ಲ; ಹಿಂದಿನ ಧೂಮಕೇತುವಿನ ಮೂಲ ಚಿತ್ರಗಳನ್ನೂ ಕಳಿಸಿ.

ಭಾವನ ಮುಖ ಬಿಳುಚಿತು. "ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಭಾವ." ಅವಳ ಹೊಟ್ಟೆ ತಣ್ಣಗಾಗಿತ್ತು. "ಮೂಲ ಚಿತ್ರಗಳು ದೂರದರ್ಶಕದ ನನ್ನ ಖಾತೇಲಿವೆ. ನಾನೇ ಕಳಿಸ್ಲಾ?"