ಆ ಗುಂಯ್ ಹಾಗೇ ಇರಲಿ

ತೊಟ್ಟಿಕ್ಕುತ್ತಿದೆ, ಹಳೆಯ ಸೈಲೆನ್ಸರಿನ ಬಾಯಿಂದ ತುಕ್ಕು ನೀರು, ಒಂದು ಹನಿ, ಆಮೇಲೆ ಏನೋ ನೆನಪಾದ ಹಾಗೆ ತಡೆದು ಇನ್ನೊಂದು, ಸಿಮೆಂಟ್ ನೆಲದ ಮೇಲೆ ಟಪ್ ಎಂದು ಬೀಳುತ್ತಿದೆ, ಈ ಸದ್ದು ಅವರಿಗೆ ಕೇಳಿಸುವುದಿಲ್ಲ, ಗಾಜಿನ ಆಚೆ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದಾರೆ ನನ್ನ ಯಜಮಾನರು, ಬಂದಾಗಿನಿಂದ ಪುಟ ತಿರುಗಿಸಿಲ್ಲ, ಗಾಜು ಇಲ್ಲದಿದ್ದರೂ ಕೇಳಿಸುತ್ತಿರಲಿಲ್ಲ ಬಿಡು. ಕಾರು ಲಿಫ್ಟಿನ ಮೇಲೆ ನನ್ನ ತಲೆಗಿಂತ ಎತ್ತರಕ್ಕೆ ಏರಿ ನಿಂತಿದೆ, ಇದರ ಹೊಟ್ಟೆ ನೋಡಿದ್ದೇ ಇವತ್ತು, ಮೇಲೆ ಅಷ್ಟು ಥಳಕು, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು, ಸೀರೆ ಉಟ್ಟವಳು ಇಳಿಯಬೇಕಾದರೆ ಭೂಮಿತಾಯಿಗೆ ನಮಸ್ಕಾರ ಮಾಡಿಯೇ ಇಳಿಯಬೇಕು, ಕೆಳಗೆ ನೋಡಿದರೆ ನಮ್ಮೆಲ್ಲರ ಹಾಗೆ ಮಸಿ, ಕೆಸರು, ಕರುಳು. ಅಕ್ಕ, ಸ್ವಲ್ಪ ಸರೀರಿ, ಪೈಪ್ ಇನ್ನೂ ಬಿಸಿ ಇದೆ — ಗುಡುಗಣ್ಣ, ಸೈಲೆನ್ಸರ್ ಕಟ್ಟುವ ಇವನನ್ನು ಎಲ್ಲರೂ ಕರೆಯುವುದೇ ಹಾಗೆ, ಮಾರುವುದು ಗುಡುಗು, ಗಂಟಲಿನಲ್ಲಿ ಇರುವುದು ಸೊಳ್ಳೆ, ನಾನೇ ಎರಡು ಸಲ ಏನಂದ್ರಿ ಅನ್ನಬೇಕು, ಅವರಿಗಂತೂ ಇವನು ಬರೀ ತುಟಿ ಆಡಿಸುವ ಮನುಷ್ಯ, ಬಂದ ಕೂಡಲೇ ಇವನು ಏನೋ ಕೇಳಿದ, ಇವರು ಹೂಂ ಹೂಂ ಎಂದು ನಕ್ಕು ಹೋಗಿ ಕೂತರು, ಅವನು ಕೇಳಿದ್ದು ಗಾಡಿ ಎಷ್ಟು ವರ್ಷದ್ದು ಅಂತ. ಮಾರೋ ಗಾಡಿಗೆ ಯಾಕೆ ಹೊಸ ಅಂಗಿ ಎಂದು ಬೆಳಿಗ್ಗೆ ಗೊಣಗಿದರು, ಕೊಳೆತ ಪೈಪ್ ಕಟ್ಟಿ ಕೊಟ್ಟರೆ ಕೊಂಡವನು ನಮ್ಮನ್ನೇ ಬೈಕೊಳ್ಳಲ್ವಾ ಎಂದು ಗದರಿಸಿ ಕರೆತಂದೆ, ಸುಳ್ಳೇನಲ್ಲ, ಪೈಪ್ ಕೊಳೆತಿರುವುದು ನಿಜ, ನಾಳೆ ಬೆಳಿಗ್ಗೆ ಕೊಳ್ಳುವವನು ಬರುವುದೂ ನಿಜ, ನನಗೆ ಉಳಿದಿರುವುದು ಇವತ್ತೊಂದು ಸಂಜೆ.

ಆ ಕರ್ರ್ ಎನ್ನುವ ಸದ್ದು, ಅಲ್ಲಿಂದ ಶುರುವಾಯಿತು ಮಾರುವ ಮಾತು. ನನ್ನ ಹೊಲಿಗೆ ಅಂಗಡಿಯ ಮುಂದೆ ಕಾರು ನಿಲ್ಲಿಸಿದ್ದರು, ಎಂಜಿನ್ ಆಫ್ ಮಾಡಿರಲಿಲ್ಲ, ನಾನು ಬಟ್ಟೆಯ ಗಂಟು ತಂದು ಹಿಂದೆ ತುರುಕಿ ಕೂತೆ, ಇವರು ಓಡುತ್ತಿರುವ ಎಂಜಿನ್ನಿಗೆ ಮತ್ತೆ ಕೀಲಿ ತಿರುಗಿಸಿದರು — ಕರ್ರ್, ಹಲ್ಲಿಗೆ ಹಲ್ಲು ಅರೆದ ಹಾಗೆ, ಬೀದಿಯ ನಾಯಿ ಕೂಡ ತಲೆ ಎತ್ತಿತು, ಅವರಿಗೆ ಮಾತ್ರ ಕೇಳಿಸಲಿಲ್ಲ, ಅವರು ನೋಡಿದ್ದು ನನ್ನ ಮುಖ. ಆ್ಯಂಬುಲೆನ್ಸ್ ಡ್ರೈವರಾಗಿದ್ದಾಗ ಈ ತಪ್ಪು ಮಾಡಿದ ಹೊಸ ಹುಡುಗರಿಗೆ ಒಳಗಿನ ಹಲ್ಲಿನ ಚಕ್ರಕ್ಕೂ ನೋವಾಗತ್ತೆ ಕಣ್ರೋ ಎಂದು ಬೈದವರು, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದಿನಲ್ಲೇ ಗೇರು ಬದಲಿಸುತ್ತಿದ್ದವರು, ಕೀಲಿಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಯಾರದೋ ಕೈ ಅನ್ನುವ ಹಾಗೆ. ಅವತ್ತೇ ಕೀಲಿ ತಂದು ನನ್ನ ಗುಂಡಿ ಡಬ್ಬದೊಳಗೆ ಹಾಕಿದರು. ಕೊಟ್ಟುಬಿಡೋಣ ಕಣೇ, ಕುರುಡನಿಗೆ ಕನ್ನಡಿ ಯಾಕೆ. ಸೈರನ್ ತಿಂದಿದ್ದು ಇವರ ಕಿವಿಗಳನ್ನು, ತಲೆಯ ಮೇಲೆ ಕೂತು ಇಡೀ ಸರ್ವೀಸು ಕೂಗಿತಲ್ಲ, ರಿಟೈರಾದ ಮೇಲೆ ಎಲ್ಲರೂ ಮನೆಗೆ ಸೋಫಾ ತಂದರೆ ಇವರು ಈ ತಗ್ಗು ಕಾರು ತಂದರು, ನನ್ನ ನಾದಿನಿ, ಅತ್ತಿಗೆ, ಅಣ್ಣನಿಗೆ ಅರವತ್ತಕ್ಕೆ ಅರಳು ಮರಳು ಎಂದು ನಕ್ಕಳು, ನಾನೂ ಸಿಟ್ಟಾಗಿದ್ದೆ, ಆಗ ಹೇಳಿದರು, ಒಂದ್ಸಲ ಹಿಂದೆ ಯಾರೂ ಸಾಯದೆ ಜೋರಾಗಿ ಹೋಗ್ಬೇಕು ಕಣೇ — ಆಮೇಲೆ ನಾನು ಆ ಕಾರಿಗೆ ಒಂದು ಮಾತು ಅಂದಿಲ್ಲ, ಸೀಟಿಗೆ ಕವರು ನಾನೇ ಹೊಲಿದೆ. ಕಿವಿಯ ಡಾಕ್ಟರು ಕಾರು ಓಡಿಸೋಕೆ ತೊಂದರೆ ಇಲ್ಲಮ್ಮ, ಕನ್ನಡಿ ನೋಡಿಕೊಂಡು ಓಡಿಸಲಿ ಅಂದರು, ಕಿವಿಗೆ ಯಂತ್ರ ಕೊಟ್ಟರು, ಅದನ್ನು ಹಾಕಿಕೊಂಡು ಕಾರಿನಲ್ಲಿ ಕೂತರೆ ತಗಡಿನ ಡಬ್ಬದೊಳಗೆ ಜಲ್ಲಿ ಕುಲುಕಿದ ಹಾಗಿರತ್ತಂತೆ, ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಸಣ್ಣ ದನಿಗಳು ಹೋಗಿವೆ, ದಪ್ಪದ್ದು ಉಳಿದಿದೆ, ಡಾಕ್ಟರು ಹೇಳಿದ್ದು ಇಷ್ಟೇ, ನಾನು ಹಿಡಿದುಕೊಂಡಿದ್ದೂ ಇಷ್ಟೇ. ಮಗಳು ಫೋನಿನಲ್ಲಿ ಅಪ್ಪಾ ಅಪ್ಪಾ ಎಂದು ಕೋಗಿಲೆಯ ಹಾಗೆ ಕೂಗುತ್ತಾಳೆ, ಕೇಳಿಸುವುದಿಲ್ಲ, ನಾನು ಅಡುಗೆಮನೆಯಿಂದ ಸೌತೆಕಾಯಿ ತರ್ತೀರಾ ಅಂದರೆ ಕೇಳಿಸುತ್ತದೆ! ನಮ್ಮ ಮದುವೆಯಲ್ಲಿ ಇದೇ ನಾದಿನಿ, ಹುಡುಗಿಗೆ ಹಂಡೆಯೊಳಗಿನ ದನಿ ಎಂದು ನನ್ನನ್ನು ಆಡಿಕೊಂಡಿದ್ದಳು, ಎಲ್ಲರೂ ನಕ್ಕಿದ್ದರು, ವರ್ಷಗಟ್ಟಲೆ ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚಿಕೊಂಡೆ, ಈಗ ನೋಡು, ಆ ಹಂಡೆಯೇ ಅವರಿಗೆ ಉಳಿದದ್ದು. ಆಮೇಲೆ ಆ ಅಂಗೈ. ನಾನು ಹೊಲಿಯಲು ಕೂತರೆ ಬಂದು ಮಿಷನ್ನಿನ ಹಲಗೆಯ ಮೇಲೆ ಅಂಗೈ ಚಪ್ಪಟೆಯಾಗಿ ಊರುತ್ತಾರೆ, ಬೆರಳು ಅಗಲಿಸಿ, ಗೋಡೆಗೆ ಹಲ್ಲಿ ಅಂಟಿಕೊಂಡ ಹಾಗೆ, ನಾನು ಪೆಡಲು ನಿಲ್ಲಿಸಿದರೆ ಕೈ ತೆಗೆಯುತ್ತಾರೆ, ಒಂದು ದಿನ ಬಾಬಿನ್ ಸಡಿಲ ಇದೆ ನೋಡು ಅಂದರು, ನೋಡಿದರೆ ಇತ್ತು.

ಆ ಅಂಗೈ ನೋಡಿಯೇ ಇಲ್ಲಿಗೆ ಬಂದದ್ದು, ಹೋದ ವಾರ, ಒಬ್ಬಳೇ. ಗುಡುಗಣ್ಣ ಮೇಜಿನ ಮೇಲೆ ಎರಡು ಸೈಲೆನ್ಸರ್ ಇಟ್ಟ, ಒಂದು ನೀಲಿ ಹೊಳಪಿನದು, ಹಗುರ, ಹುಡುಗರು ಇದಕ್ಕೇ ಮುಗಿಬೀಳ್ತಾರೆ ಅಕ್ಕ ಎಂದು ಅದನ್ನು ಹಾಕಿದ ಕಾರೊಂದನ್ನು ಚಾಲೂ ಮಾಡಿದ, ಹೊಸ ಬಟ್ಟೆ ಹರಿದ ಹಾಗೆ ಚರ್ರ್ — ಬೇಡ, ಹರಿಯುವ ಸದ್ದೇ ಅವರಿಗೆ ಹೋಗಿರುವುದು, ಇನ್ನೊಂದು ಕುಂಬಳಕಾಯಿಯಂತೆ ಹೊಟ್ಟೆ ಬಿಟ್ಟಿದ್ದು, ಇದನ್ನು ಹಾಕಿದ ಗಾಡಿ ಇದೆಯಾ ಎಂದೆ, ಇತ್ತು, ಚೀಲದಿಂದ ಹತ್ತಿ ತೆಗೆದು ಎರಡೂ ಕಿವಿಗೆ ಗಿಡಿದುಕೊಂಡು ಹಿಂದಿನ ಸೀಟಿನ ಮೇಲೆ ಅಂಗೈ ಇಟ್ಟು ಕೂತೆ, ಹೂಂ, ಏರಿಸಿ. ಸದ್ದು ಕೊಳ್ಳೋಕೆ ಬಂದು ಕಿವಿ ಮುಚ್ಚಿಕೊಂಡೋರನ್ನ ಇವತ್ತೇ ನೋಡಿದ್ದು ಅಂದನಂತೆ, ನನಗೆಲ್ಲಿ ಕೇಳಿಸಬೇಕು, ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಎರಡೂವರೆ ಸಾವಿರಕ್ಕೆ ಬಂದಾಗ ಸೀಟು ಎದ್ದು ಗುಂಯ್ ಎಂದಿತು, ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಪಕ್ಕೆಗೆ, ಎದೆಯೊಳಗೆ ಯಾರೋ ಕೂತು ಹಂಡೆ ತಟ್ಟಿದ ಹಾಗೆ. ಹತ್ತಿ ಕಿತ್ತು ಅಂದೆ, ಇದೇ. ಅಯ್ಯೋ ಅದು ದೋಷ ಅಕ್ಕ, ಆ ಗುಂಯ್ ತೆಗೆಯೋದೇ ನನ್ನ ವಿದ್ಯೆ, ಪಕ್ಕಕ್ಕೆ ಬಾಯಿ ಮುಚ್ಚಿದ ಒಂದು ಗಿಡ್ಡ ಪೈಪ್ ಬೆಸೀತೀನಿ, ಅದು ಗುಂಯ್ ನುಂಗಿಬಿಡತ್ತೆ, ಈ ಕಾರಿಗೂ ನಾಳೆ ಬೆಸೆಯೋದಿದೆ. ನಮ್ಮದಕ್ಕೆ ಬೆಸೀಬೇಡಿ, ಅಂದೆ. ಊರೆಲ್ಲ ತೆಗೀರಿ ಅಂತ ಅಳ್ತಾರೆ, ನೀವು ಇರಲಿ ಅಂತೀರಲ್ಲ, ನಾಳೆ ಯಾರಾದ್ರೂ ಕೂತು ನೋಡಿ ಇದನ್ನ ಕಟ್ಟಿದ್ದು ಯಾರು ಅಂದ್ರೆ ನನ್ನ ಹೆಸರು ಹೋಗಲ್ವಾ. ನಾನೇ ಹೀಗೆ ಕಟ್ಟಿಸಿದ್ದು ಅಂತ ನನ್ನ ಹೆಸರು ಹೇಳ್ತೀನಿ, ಆಯ್ತಾ, ಆದರೆ ಬೀದಿಗೆ ಕೇಳಿಸಕೂಡದು, ನಮ್ಮ ಮನೆ ಗುಂಯ್ ನಮ್ಮ ಮನೆಯೊಳಗೇ ಇರಬೇಕು. ನಕ್ಕ, ಯಾರಿಗೆ ಅಕ್ಕ ಇದು ಅಂದ, ಹೇಳಿದೆ, ಕೈ ಒರೆಸಿಕೊಂಡು ಆ ಗಿಡ್ಡ ಪೈಪನ್ನು ಎತ್ತಿ ಮೇಲಿನ ಕಪಾಟಿಗೆ ಇಟ್ಟ.

ಈಗ ಕುಂಬಳಕಾಯಿ ಕಾರಿನ ಹೊಟ್ಟೆಯ ಕೆಳಗೆ ತೂಗುತ್ತಿದೆ, ರಬ್ಬರ್ ಬಳೆಗಳಿಗೆ ಸೋಪಿನ ನೀರು ಸವರಿ ಕೊಕ್ಕೆಗೆ ಏರಿಸಿದ, ನಾವು ಬಿಗಿಯಾದ ಬಳೆ ತೊಡಿಸುವ ಹಾಗೇ, ಬೋಲ್ಟುಗಳನ್ನು ಇನ್ನೂ ಬಿಗಿದಿಲ್ಲ, ಮೊದಲು ಎಲ್ಲ ಸಡಿಲವಾಗಿ ತೂಗಲಿ, ತನ್ನ ಜಾಗ ತಾನೇ ಹುಡುಕಿಕೊಳ್ಳಲಿ, ಆಮೇಲೆ ಬಿಗಿ — ಕಚ್ಚಾ ಹೊಲಿಗೆ ಹಾಕದೆ ಪಕ್ಕಾ ಹೊಲಿಗೆಗೆ ಹೋದವರ ತೋಳು ಯಾವತ್ತೂ ಸೊಟ್ಟ, ಇವನಿಗೂ ಗೊತ್ತು. ಬಂಪರಿಗೂ ಪೈಪಿನ ತುದಿಗೂ ನಡುವೆ ಬೆರಳು ತೂರಿಸಿ ನೋಡಿದ, ನಾನೂ ತೂರಿಸಿದೆ, ಸರಿ ಇದೆ. ಕಾರು ಇಳಿಯಿತು. ಚಾಲೂ ಮಾಡಿದ ಕೂಡಲೇ ಹೊಸ ಪೈಪಿನ ಎಣ್ಣೆ ಸುಟ್ಟು ನೀಲಿ ಹೊಗೆ, ಗಾಜಿನ ಆಚೆ ಇವರು ಗಾಬರಿಯಾಗಿ ಎದ್ದರು, ಏನಿಲ್ಲ, ಹೊಸದು, ಹಾಗೇ, ಎಂದು ಕೈಯಲ್ಲೇ ಹೇಳಿದೆ, ಹೊರಗೆ ನಿಂತವರಿಗೆ ದೊಡ್ಡ ಸದ್ದೇನಿಲ್ಲ, ಹೊಟ್ಟೆ ತುಂಬಿದವರ ಗೊರಕೆ ಅಷ್ಟೆ, ಮೋಸ ಹೋದೆನಾ ಅನ್ನಿಸಿತು ಒಂದು ಗಳಿಗೆ. ನೀವೇ ಓಡಿಸಿ, ನನಗೆ ಸೊಂಟ ನೋವು, ಅಂದೆ, ನನಗೆ ಕಾರು ಓಡಿಸಲೇ ಬರುವುದಿಲ್ಲ, ಅವರು ಅದಕ್ಕೂ ಹೂಂ ಅಂದು ಕೂತರು, ಯಂತ್ರ ಕಿತ್ತು ಜೇಬಿಗೆ, ಕಣ್ಣು ಮುಳ್ಳಿನ ಮೇಲೆ, ಪಾಪ, ಗೇರು ಯಾವಾಗ ಬದಲಿಸಬೇಕೆಂದು ತಿಳಿಯಲು ಈಗೀಗ ರಸ್ತೆಗಿಂತ ಮುಳ್ಳನ್ನೇ ನೋಡುವುದು ಹೆಚ್ಚು. ಅಂಗಡಿಗಳು ದಾಟಿದವು, ಸಿಗ್ನಲ್ ದಾಟಿತು, ಏನೂ ಇಲ್ಲ, ನನ್ನ ಕೈ ನನ್ನ ಸೆರಗನ್ನೇ ಹಿಂಡುತ್ತಿದೆ, ರಸ್ತೆ ಖಾಲಿಯಾಯಿತು, ಒತ್ತಿದರು — ಬಂತು, ಬೆನ್ನಿನ ಕೆಳಗಿನಿಂದ ಎದ್ದು ಬಂತು, ಗುಂಯ್ — ಅವರ ಕತ್ತು ನೆಟ್ಟಗಾಯಿತು, ಗೇರು ಬಿತ್ತು, ಸರಿಯಾದ ಗಳಿಗೆಗೆ, ಮುಳ್ಳು ನೋಡಲಿಲ್ಲ, ನಾನು ನೋಡಿದೆ, ಅವರು ನೋಡಲಿಲ್ಲ, ಕಣ್ಣು ರಸ್ತೆಯ ಮೇಲಿತ್ತು, ಮತ್ತೆ ಗುಂಯ್, ಮತ್ತೆ ಗೇರು. ಆಮೇಲೆ ಹುಬ್ಬು ಗಂಟಿಕ್ಕಿ, ಲೇ, ಗುಂಯ್ ಅಂತಿದೆ ಇದು, ಸರಿಯಾಗಿ ಕಟ್ಟಿಲ್ಲ ಅವನು, ಬರೀ ಗುಂಯ್‌ಗುಡತ್ತೆ, ನಿನಗೆ ಕೇಳಿಸ್ತಿಲ್ವಾ? — ನನಗೆ ಕೇಳಿಸ್ತಿಲ್ವಾ ಅಂತ, ನನ್ನನ್ನ — ಹೌದಾ, ಅಂದೆ ಹಂಡೆಯ ದನಿಯಲ್ಲೇ, ಹಾಗಾದರೆ ವಾಪಸ್ ತಿರುಗಿಸಿ, ಸರಿ ಮಾಡಿಸೋಣ, ನಾಳೆ ಆ ಮನುಷ್ಯ ಬರ್ತಾನಲ್ಲ. ತಿರುಗುವ ಜಾಗ ಬಂತು, ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು, ಮನೆಯ ರಸ್ತೆ ಯಾವಾಗಲೋ ಹಿಂದೆ ಉಳಿಯಿತು, ಮುಳ್ಳು ಎರಡೂವರೆಯಲ್ಲೇ ನಿಂತಿದೆ, ಏರುತ್ತಿಲ್ಲ, ಇಳಿಯುತ್ತಿಲ್ಲ, ಹಿಂದೆ ಯಾರೂ ಇಲ್ಲ, ಮಲಗಿದವರಿಲ್ಲ, ನರಳುವವರಿಲ್ಲ, ಒಂದು ಕೈ ಸ್ಟೀರಿಂಗಿನ ಮೇಲಿದೆ, ಇನ್ನೊಂದು ಗೇರಿನಿಂದ ಎದ್ದು, ಎಲ್ಲಿಗೆ ಹೋಗುತ್ತದೆ ನೋಡುತ್ತಿದ್ದೇನೆ, ನಮ್ಮಿಬ್ಬರ ಮುಂದಿನ ಹಲಗೆಯ ಮೇಲೆ, ಬೆರಳು ಅಗಲಿಸಿ, ಚಪ್ಪಟೆಯಾಗಿ, ಆ ಅಂಗೈ — ಆ ಅಂಗೈ —