ಸೋಮವಾರದ ರಕ್ತ

ನಮ್ಮ ಅತ್ತೆ ಜಗದಾಂಬಾ ಅವರಿಗೆ ಸೋಮವಾರ ಬಿಟ್ಟರೆ ದಿನವೇ ಇಲ್ಲ. ದಾವಣಗೆರೆಯಿಂದ ಬಸವೇಶ್ವರನಗರಕ್ಕೆ ಬಂದು ಮೂವತ್ತು ವರ್ಷವಾದರೂ, ಶಿವನ ವಾರವಲ್ಲದ ದಿನ ಒಂದು ಹಾಲಿನ ಪಾತ್ರೆಯನ್ನೂ ಕೊಂಡವರಲ್ಲ. ಮಗುವಿಗಾಗಿ ನಾನು ಆಸ್ಪತ್ರೆ ಅಲೆದ ಒಂಬತ್ತು ವರ್ಷವೂ ರಕ್ತ ಕೊಟ್ಟದ್ದು ಸೋಮವಾರವೇ. ಡಾಕ್ಟರು ಹೇಳಿದ ದಿನ ಗುರುವಾರ ಬಿದ್ದರೆ ಅತ್ತೆ ಅದನ್ನು ಮುಂದಿನ ಸೋಮವಾರಕ್ಕೆ ತಳ್ಳುತ್ತಿದ್ದರು. ನಾಲ್ಕು ದಿನ ಹೆಚ್ಚುಕಮ್ಮಿಯಾದರೆ ರಕ್ತವೇನು ಬದಲಾಗುತ್ತದೆಯೇ ಎಂದು ಕೇಳುತ್ತಿದ್ದರು.

ಬದಲಾಗುತ್ತದೆ. ನನಗದು ಚೆನ್ನಾಗಿ ಗೊತ್ತಿತ್ತು. ನಾನು ವಿಜಯನಗರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಅಂಡ ಬಿಡುಗಡೆಯಾದ ಮೇಲೆ ಯಾವ ಹಾರ್ಮೋನು ಏರುತ್ತದೆಂದು ಪ್ರತಿ ವರ್ಷ ಬೋರ್ಡಿನ ಮೇಲೆ ಗ್ರಾಫ್ ಬರೆಯುತ್ತೇನೆ. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮನೆಯಲ್ಲಿ ರಗಳೆ ಬೇಡವೆಂದು ಬಾಯಿ ಮುಚ್ಚಿಕೊಂಡೆ. ತಿಂಗಳು ತಪ್ಪದೆ ಮುಟ್ಟಾಗುತ್ತಿದ್ದುದರಿಂದ ಒಳಗೂ ಎಲ್ಲ ಸರಿಯಿದೆ ಎಂದುಕೊಂಡೆ. ಆಗಿನ ಡಾಕ್ಟರೂ ಯಾವ ದಿನದ ರಕ್ತವೆಂದು ಕೇಳದೆ, ದೋಷವಿಲ್ಲ, ಕಾರಣ ತಿಳಿಯುತ್ತಿಲ್ಲ ಎಂದು ಬರೆದರು. ನನ್ನ ಗಂಡ ಚನ್ನವೀರೇಶ್ ಅವರ ಪರೀಕ್ಷೆಯೂ ಸರಿಯಾಗಿಯೇ ಬಂದಿತ್ತು.

ಹೋದ ತಿಂಗಳು ನಾಗರಬಾವಿಯ ಹೊಸ ಡಾಕ್ಟರ್ ಅನಘಾ ಹಳೆಯ ರಿಪೋರ್ಟುಗಳನ್ನು ಮೇಜಿನ ತುಂಬ ಹರಡಿಕೊಂಡು, ಒಂದೊಂದಕ್ಕೂ ಇದು ಮುಟ್ಟಾದ ಎಷ್ಟನೆಯ ದಿನದ್ದು ಎಂದು ಕೇಳಿದರು. ಇಪ್ಪತ್ತೈದನೆಯದು, ಇಪ್ಪತ್ತಾರನೆಯದು, ಇಪ್ಪತ್ತೇಳನೆಯದು. ಅಂಡ ಬಿಡುಗಡೆಯಾಯಿತೇ ಎಂದು ತೋರಿಸುವ ಇಪ್ಪತ್ತೊಂದನೆಯ ದಿನದ್ದು ಒಂದೂ ಇರಲಿಲ್ಲ. ಈ ಸಲ ಮನೆಯಲ್ಲಿ ಹೇಳದೆ ಬುಧವಾರ ಹೋಗಿ ರಕ್ತ ಕೊಟ್ಟೆ, ನಾಲ್ಕು ಸಲ ಸ್ಕ್ಯಾನ್ ಮಾಡಿಸಿಕೊಂಡೆ. ಮುಟ್ಟೇನೋ ಬರುತ್ತಿತ್ತು, ಅಂಡ ಮಾತ್ರ ಹೊರಬರುತ್ತಿರಲಿಲ್ಲ.

"ಆಗ್ಲೇ ಗೊತ್ತಾಗಿದ್ರೆ ಬರೀ ಮಾತ್ರೇಲೇ ಆಗೋದೇನೋ," ಎಂದರು ಅನಘಾ. "ಈಗ ನಿಮಗೆ ನಲವತ್ತೊಂದು. ಉಳಿದಿರೋ ಅಂಡಾನೇ ತುಂಬಾ ಕಮ್ಮಿ. ಸುಳ್ಳು ಆಸೆ ಕೊಡಲ್ಲ ನಾನು."

ಮನೆಗೆ ಬಂದು ಅತ್ತೆ, ಗಂಡ ಇಬ್ಬರ ಮುಂದೆಯೂ ಎಲ್ಲ ಹೇಳಿದೆ, ಸೋಮವಾರಗಳ ಕಥೆಯನ್ನೂ ಬಿಡಲಿಲ್ಲ. ಅತ್ತೆಗೆ ಸ್ವಲ್ಪವಾದರೂ ನೋವಾಗಲಿ ಎಂಬ ಹಟ ನನಗಿತ್ತು. ಅವರು ಅವರೆಕಾಳು ಹಿಸುಕುತ್ತಲೇ ಕೇಳಿಸಿಕೊಂಡರು.

"ಹಂಗಾದ್ರೆ ತಪ್ಪು ನಿಂದೇ ಅಂತಾಯ್ತು. ಸುಮ್ನೆ ನನ್ನ ಮಗನ್ನೂ ಪರೀಕ್ಷೆ ಗಿರೀಕ್ಷೆ ಅಂತ ಅಲೆಸಿದ್ವಿ," ಎಂದರು.

ನನ್ನ ಗಂಡ ತಲೆ ಎತ್ತಲಿಲ್ಲ, ಆದರೆ ದೀರ್ಘವಾಗಿ ಉಸಿರುಬಿಟ್ಟರು. ದೋಷ ತನ್ನದೇ ಇರಬಹುದೆಂದು ಒಂಬತ್ತು ವರ್ಷ ಒಳಗೇ ಇಟ್ಟುಕೊಂಡಿದ್ದ ಭಯ ಇಳಿದುಹೋದ ಉಸಿರು. ಮಗುವಿನ ಆಸೆ ಹೋದದ್ದನ್ನು ಹೇಗೋ ತಡೆದುಕೊಂಡಿದ್ದೆ. ಅವರಿಗೆ ಹಾಯೆನಿಸಿದ್ದನ್ನು ತಡೆದುಕೊಳ್ಳಲಾಗಲಿಲ್ಲ.